ಮೋಹನ್‌ಬಾಬು ಮೇಷ್ಟ್ರ ಮುಡಿ

ಐವತ್ತೇಳನೇ ವಯಸ್ಸಿನಲ್ಲೂ ತಲೆ ತುಂಬ ಕೂದಲಿರುವ ಗಂಡಸರು ಚಿಕ್ಕಬಳ್ಳಾಪುರದಲ್ಲಿ ಎಷ್ಟು ಮಂದಿ ಇದ್ದಾರೋ ಗೊತ್ತಿಲ್ಲ. ಇದ್ದವರಲ್ಲಿ ತಾನೇ ಮೊದಲು ಎಂಬುದರಲ್ಲಿ ಮೋಹನ್‌ಬಾಬು ಮೇಷ್ಟ್ರಿಗೆ ಮಾತ್ರ ಅನುಮಾನವಿರಲಿಲ್ಲ. ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು, ಹಳೇ ಟೂತ್‌ಬ್ರಶ್ಶಿನಲ್ಲಿ ಒಂದೊಂದೇ ಎಳೆಗೆ ಕಪ್ಪು ಬಳಿದುಕೊಳ್ಳುವಾಗ ಅವರ ಮುಖದಲ್ಲಿ ಮೂಡುತ್ತಿದ್ದ ಏಕಾಗ್ರತೆಯನ್ನು ಅವರ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ನೋಡಬೇಕಿತ್ತು. ನಮ್ಮ ಮೇಷ್ಟ್ರಿಗೂ ಸಂಶೋಧನೆ ಒಗ್ಗುತ್ತದೆ ಎಂದು ಆಗ ನಂಬುತ್ತಿದ್ದರು.

ಊರಾಚೆಯ ಸ್ನಾತಕೋತ್ತರ ಕೇಂದ್ರದಲ್ಲಿ ಅವರು ಪ್ರಾಧ್ಯಾಪಕರು. ಮಂಡಿಕಲ್ ಕಡೆಯ ರಾಗಿ ಹೊಲದ ಮನೆತನದಲ್ಲಿ ಮೊದಲು ಪಿಎಚ್‌ಡಿ ಮಾಡಿದವರು. ಪದವಿ ಕೈಗೆ ಬಂದ ದಿನವೇ ಸಂಶೋಧನೆಗೆ ಎಳ್ಳುನೀರು ಬಿಟ್ಟಿದ್ದರು. ಇದು ಸೋಮಾರಿತನವಲ್ಲ, ವಿವೇಕ ಎಂದು ಅವರ ವಾದ. ಅದಕ್ಕೆ ಸಾಕ್ಷಿಯಾಗಿ ಮುನಿನಾರಾಯಣಪ್ಪನವರನ್ನು ತೋರಿಸುತ್ತಿದ್ದರು.

ಮುನಿನಾರಾಯಣಪ್ಪನವರು ಅದೇ ವಿಭಾಗದಲ್ಲಿದ್ದು ನಿವೃತ್ತರಾದವರು. ಹಿಂದೊಮ್ಮೆ ಉತ್ಸಾಹದಲ್ಲಿ ದೆಹಲಿಗೆ ಅರ್ಜಿ ಹಾಕಿ ಸಂಶೋಧನೆಗೆಂದು ಗ್ರ್ಯಾಂಟು ತಂದಿದ್ದರು. ಆ ಗ್ರ್ಯಾಂಟಿನಲ್ಲಿ ಒಂದು ಫ್ರಿಜ್ ಬಂತು, ಫ್ರಿಜ್ಜಿನ ಹಿಂದೆ ಆಡಿಟ್ ಬಂತು. ಫ್ರಿಜ್ ಕೆಟ್ಟು ಗುಜರಿಗೆ ಹೋಯಿತು, ಗುಜರಿಯವನೂ ಅಂಗಡಿ ಮುಚ್ಚಿದ. ಆಡಿಟ್ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ. ಫ್ರಿಜ್ ಎಲ್ಲಿ ಎಂದು ಕೇಳುವ ಪತ್ರಕ್ಕೆ ಉತ್ತರ ಹಿಡಿದು ಅವರು ಆಗಾಗ ಕೇಂದ್ರಕ್ಕೆ ಬರುತ್ತಿದ್ದರು. ಅವರು ಕಾರಿಡಾರಿನಲ್ಲಿ ನಡೆದು ಹೋದರೆ ಅಧ್ಯಾಪಕರು ಬಾಗಿಲು ಸ್ವಲ್ಪ ಮುಂದೆ ಮಾಡಿಕೊಳ್ಳುತ್ತಿದ್ದರು. ಗ್ರ್ಯಾಂಟು ಅಂಟುರೋಗವೇನೋ ಎಂಬ ಭಯ.

ಇಂಥ ಕಡೆ ಸಂಶೋಧನೆಯನ್ನು ಬೆಳೆಸುವ ಹೊಣೆ ಚನ್ನಕೇಶವ ಅವರ ಹೆಗಲಿಗೆ ಬಿತ್ತು. ಅವರು ಕೇಂದ್ರದ ನಿರ್ದೇಶಕರು. ಅವರ ಮೇಲೆ ಪ್ರೋತ್ಸಾಹ ಕೋಶವೊಂದನ್ನು ಹೇರಲಾಗಿತ್ತು. ಅವರು ಮನಸ್ಸಿಟ್ಟು ಪ್ರೋತ್ಸಾಹಿಸಿದರು. ಕಾರ್ಯಾಗಾರದ ಮೇಲೆ ಕಾರ್ಯಾಗಾರ ಇಟ್ಟರು. ಕೇಸರಿಬಾತಿಗೆ ದ್ರಾಕ್ಷಿ ಗೋಡಂಬಿ ಧಾರಾಳವಾಗಿ ಹಾಕಿಸಿದರು. ಗ್ರ್ಯಾಂಟು ತರುವುದು ಹೇಗೆಂದು ಹೇಳಲು ಬೆಂಗಳೂರಿನಿಂದ ಬಂದವರು ಪ್ರಯಾಣಭತ್ಯೆ ತೆಗೆದುಕೊಂಡು ಹೋದರು. ಹಣ ತರುವ ಕಲೆಯಲ್ಲಿ ಅವರು ನಿಪುಣರೆಂಬುದು ಅಲ್ಲಿಗೆ ಸಾಬೀತಾಯಿತು. ಗುಂಪು ಫೋಟೋ ಚೆನ್ನಾಗಿ ಬಂತು. ಅರ್ಜಿ ಒಂದೂ ಬರಲಿಲ್ಲ.

ಕೊನೆಗೆ ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ಪ್ರತಿ ವಿಭಾಗದಿಂದಲೂ ಒಂದು ಅರ್ಜಿ ಹೋಗಲೇಬೇಕು.

"ಬಾಬೂ, ನಿಮ್ಮ ವಿಭಾಗದಲ್ಲಿ ಕಾಯಂ ಆಗಿರೋರು ನೀವೊಬ್ಬರೇ," ಎಂದರು ಚನ್ನಕೇಶವ. "ನೀವೇ ಹಾಕ್ಬೇಕು."

"ಸಾರ್, ನನಗೆ ಇನ್ನು ಮೂರು ವರ್ಷ ಸರ್ವೀಸು. ನೆಮ್ಮದಿಯಾಗಿ ಹೋಗಕ್ಕೆ ಬಿಡಿ."

"ಹಾಕಿ ಅಂದೆ ಅಷ್ಟೇ ಕಣ್ರೀ, ತಗೊಂಡ್ ಬನ್ನಿ ಅಂದ್ನಾ? ದೆಹಲಿಯೋರು ನೂರಕ್ಕೆ ತೊಂಬತ್ತು ತಿರಸ್ಕಾರ ಮಾಡ್ತಾರೆ. ದೇವರಿದ್ದಾನೆ."

ಇಷ್ಟು ಪ್ರೋತ್ಸಾಹ ಸಿಕ್ಕಿದ ಮೇಲೆ ಮೇಷ್ಟ್ರು ಒಪ್ಪಿಕೊಂಡರು. ಬರೆಯುವವರು ಯಾರು ಎಂಬ ಚಿಂತೆಯೂ ಇರಲಿಲ್ಲ, ಮೆಹ್ವಿಶ್ ಇದ್ದಳು.

ಮೆಹ್ವಿಶ್ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಉಪಚಾರ ಮಾಡಿಸಿಕೊಳ್ಳುವವಳೆಂದು ತಿಳಿಯಬಾರದು. ಪಾಠ, ಪರೀಕ್ಷೆ, ಕಾರ್ಯಾಗಾರದ ಸ್ವಾಗತ ಭಾಷಣ ಎಲ್ಲವನ್ನೂ ಮಾಡಿ, ರಜೆ ಬಂದಾಗ ಮನೆಗೆ ಕಳಿಸಿಕೊಡಲು ಅನುಕೂಲವಾಗಿರುವವಳು. ಶಿಡ್ಲಘಟ್ಟದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ತಾಯಿ ಕರೀಮುನ್ನೀಸಾ ಮದುವೆಯಾಗಿ ಬಂದ ದಿನದಿಂದ ರೇಷ್ಮೆ ರೀಲಿಂಗ್ ಯೂನಿಟ್ಟಿನಲ್ಲಿ ನೂಲು ತೆಗೆದವಳು. ಗೂಡು ಬೇಯಿಸುವ ಹಬೆ ಕುಡಿದು ಕುಡಿದು ಈಗ ಮೆಟ್ಟಿಲು ಹತ್ತಿದರೆ ಎದೆ ಕುಯ್ಯೆನ್ನುತ್ತದೆ. ಅವಳ ಸಾಲಿನಲ್ಲಿ ಕೂರುವ ಹೆಂಗಸರಲ್ಲಿ ಬಹಳ ಜನಕ್ಕೆ ಇದೇ ಪಾಡು. ಹಬೆಯಲ್ಲಿರುವ ಯಾವುದು ಉಸಿರು ಕಟ್ಟಿಸುತ್ತದೆ, ನೀರನ್ನು ಯಾವಾಗ ಬದಲಿಸಿದರೆ, ಕಿಟಕಿ ಎಲ್ಲಿ ತೆಗೆದರೆ ಅದು ಕಡಿಮೆಯಾಗುತ್ತದೆ ಎಂದು ಒಂದೊಂದಾಗಿ ಅಳೆದು ನೋಡಬೇಕೆಂಬುದು ಮೆಹ್ವಿಶಳ ಆಸೆ. ಆಸೆಗೆ ಅಡ್ಡಿಯಿರಲಿಲ್ಲ. ಅರ್ಜಿಗೆ ಇತ್ತು. ಅತಿಥಿಗಳು ಗ್ರ್ಯಾಂಟು ಕೇಳುವ ಹಾಗಿಲ್ಲ. ಕೇಳಬಹುದಾದವರಿಗೆ ಬೇಕಾಗಿಲ್ಲ.

ಮೇಷ್ಟ್ರು ಹೇಳಿದ ಮೇಲೆ ಅವಳು ವಾರವೆಲ್ಲ ಕೂತು ಬರೆದಳು. ಸಹಿಗೆಂದು ಮೇಷ್ಟ್ರ ಮನೆಗೆ ಬಂದಾಗ ಅವರು ತಲೆಗೆ ಬಣ್ಣ ಹಚ್ಚಿಕೊಂಡು ಒಣಗಲು ಕಾಯುತ್ತಿದ್ದರು. ಓದದೆ ಸಹಿ ಹಾಕಿದರು. ಒಳಗೆ ಅವರ ಹೆಂಡತಿ ವೆಂಕಟರತ್ನಮ್ಮ ಕಾಫಿ ಕೊಟ್ಟು, "ಏನಮ್ಮ ಅದು?" ಎಂದು ಕೇಳಿ, ಪೂರ್ತಿ ಕೇಳಿಸಿಕೊಂಡರು.

ಆ ಸಂಜೆಯೇ ಮೇಷ್ಟ್ರು ದೇವರ ಮನೆಗೆ ಹೋಗಿ ಮನೆದೇವರಾದ ಕದಿರಿ ನರಸಿಂಹಸ್ವಾಮಿಯ ಪಟಕ್ಕೆ ಕೈಮುಗಿದರು. 'ಸ್ವಾಮಿ, ಈ ಗ್ರ್ಯಾಂಟು ಬರದೇ ಇರೋ ಹಾಗೆ ನೋಡ್ಕೊ. ನೂರೊಂದು ತೆಂಗಿನಕಾಯಿ ಒಡೀತೀನಿ.' ಮಳೆ ಕೇಳುವವರು, ಮಕ್ಕಳನ್ನು ಕೇಳುವವರು ಇದ್ದ ಸಾಲಿನಲ್ಲಿ ಈ ಅರ್ಜಿಯನ್ನು ಕಂಡು ಸ್ವಾಮಿಗೂ ಏನನ್ನಿಸಿತೋ. ಅವನು ಎಲ್ಲವನ್ನೂ ಕೇಳುತ್ತಾನೆ. ಕೇಳಿದ್ದನ್ನೆಲ್ಲ ಕೊಡುವುದಿಲ್ಲ, ಅದೇ ನಮ್ಮ ಪುಣ್ಯ.

ಆಷಾಢ ಕಳೆಯಿತು, ದಸರಾ ಕಳೆಯಿತು. ಮೇಷ್ಟ್ರು ಮರೆತೇಬಿಟ್ಟಿದ್ದರು. ಒಂದು ಮಧ್ಯಾಹ್ನ ಮೆಹ್ವಿಶ್ ಓಡುತ್ತಾ ಬಂದು ಬಾಗಿಲಲ್ಲಿ ನಿಂತಳು.

"ಸಾರ್... ಮಂಜೂರಾಗಿದೆ ಸಾರ್!"

"ಯಾರಿಗೆ?" ಎಂದರು ಮೇಷ್ಟ್ರು, ಸಾವಿನ ಸುದ್ದಿ ಕೇಳುವವರ ದನಿಯಲ್ಲಿ.

"ನಿಮಗೇ ಸಾರ್. ಅದರಲ್ಲಿ ಕೆಲಸ ಮಾಡಕ್ಕೆ ನನಗೆ ಫೆಲೋ ಪೋಸ್ಟೂ ಕೊಟ್ಟಿದಾರೆ. ಹದಿನೈದು ದಿನದೊಳಗೆ ನೀವು ಒಪ್ಪಿಗೆ ಕಳಿಸ್ಬೇಕಂತೆ. ಕಳಿಸದೇ ಇದ್ರೆ ರದ್ದಾಗುತ್ತಂತೆ."

ರದ್ದಾಗುತ್ತದೆ ಎಂಬ ಮಾತು ಮೇಷ್ಟ್ರ ಕಿವಿಗೆ ಜೇನಿನಂತೆ ಬಿತ್ತು. "ನೋಡಣಮ್ಮ, ಯೋಚನೆ ಮಾಡಣ," ಎಂದರು. ಅವಳ ಮುಖ ಇಳಿದುಹೋಯಿತು. ವರ್ಷಗಟ್ಟಲೆ ಅತಿಥಿಯಾಗಿದ್ದವಳಿಗೆ 'ನೋಡಣ' ಎಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ವಿಷಯ ಹೇಳಿದರು. ವೆಂಕಟರತ್ನಮ್ಮ ಹಿಟ್ಟಿನ ಕೈಯನ್ನೇ ಜೋಡಿಸಿದರು.

"ಸ್ವಾಮೀ, ನನ್ನ ಮಾತು ಉಳಿಸ್ಕೊಟ್ಟೆ! ರೀ, ಈ ಶನಿವಾರವೇ ಕದಿರಿಗೆ ಹೋಗಣ. ಹರಕೆ ಹೊತ್ತಿದ್ದೆ."

"ನೀನೂ ಹೊತ್ತಿದ್ಯಾ? ಏನಂತ?"

"ಗ್ರ್ಯಾಂಟು ಬಂದ್ರೆ ಮುಡಿ ಕೊಡ್ತೀವಿ ಅಂತ."

"ಕೊಡು, ಬೇಡ ಅಂದೋರ್ಯಾರು?"

"ನನ್ನದಲ್ರೀ. ನಿಮ್ಮದು."

ಮೇಷ್ಟ್ರ ಕೈ ತಾನಾಗಿ ತಲೆಗೆ ಹೋಯಿತು. "ನನ್ನದಾ? ನಿನ್ನದು ಕೊಡಕ್ಕೆ ಏನಾಗಿತ್ತೇ?"

"ಗ್ರ್ಯಾಂಟು ಬಂದಿರೋದು ನನಗಾ?"

ಮೇಷ್ಟ್ರು ರಾತ್ರಿಯೆಲ್ಲ ಹೊರಳಾಡಿ ಒಂದು ಲೆಕ್ಕಕ್ಕೆ ಬಂದರು. ಹರಕೆ ತೀರಿಸದಿದ್ದರೆ ಹೆಂಡತಿ ಬಿಡುವುದಿಲ್ಲ. ಕೂದಲು ಹೋದರೆ ಮತ್ತೆ ಬರುತ್ತದೆ, ಆಡಿಟ್ ಬಂದರೆ ಹೋಗುವುದಿಲ್ಲ. ಮುಡಿ ಕೊಟ್ಟು ದೇವರನ್ನು ಸುಮ್ಮನಾಗಿಸುವುದು, ಸೋಮವಾರ ಬೇಡ ಎಂದು ಬರೆದು ದೆಹಲಿಯನ್ನು ಸುಮ್ಮನಾಗಿಸುವುದು.

ಶನಿವಾರ ಬಾಗೇಪಲ್ಲಿ ದಾಟಿ ಕದಿರಿಗೆ ಹೋದರು. ಕ್ಷೌರಿಕ ತಲೆಗೆ ನೀರು ತಟ್ಟಿ, ಕೂದಲನ್ನು ಬೆರಳಲ್ಲಿ ಹಿಡಿದು ನೋಡಿ, "ಎಂತ ಒತ್ತುಗಾ ಉಂದಿ ಸಾರ್!" ಎಂದು ಅದು ದಟ್ಟವಾಗಿರುವುದನ್ನು ತೆಲುಗಿನಲ್ಲಿ ಮೆಚ್ಚಿದ. ಆಮೇಲೆ ಕತ್ತಿ ಇಟ್ಟ. ಅಷ್ಟು ಭಾನುವಾರಗಳ ಶ್ರಮ ಮಡಿಲಿಗೆ ಉದುರುವುದನ್ನು ಮೇಷ್ಟ್ರು ಕಣ್ಣುಮುಚ್ಚಿ ಸಹಿಸಿದರು. ಅದನ್ನೇ ಭಕ್ತಿಯೆಂದು ತಿಳಿದು ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಅವರಿಗೂ ಒಂದು ನಮಸ್ಕಾರ ಹಾಕಿದಳು.

ದರ್ಶನವಾಯಿತು. ತಲೆಗೆ ಗಂಧ ಬಳಿದುಕೊಂಡು, ಮರದ ಕೆಳಗೆ ಬುತ್ತಿ ಬಿಚ್ಚಿ ಕೂತಾಗ ಮೇಷ್ಟ್ರಿಗೆ ಮನಸ್ಸು ಹಗುರವಾಗಿತ್ತು. ಪುಳಿಯೋಗರೆ ಬಾಯಿಗಿಡುತ್ತಾ, "ಹರಕೆ ತೀರ್ತಲ್ಲ. ಸೋಮವಾರ ಗ್ರ್ಯಾಂಟು ಬೇಡ ಅಂತ ಬರೆದು ಕೈ ತೊಳ್ಕೊಂಡುಬಿಡ್ತೀನಿ," ಎಂದರು.

ವೆಂಕಟರತ್ನಮ್ಮ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದರು.

"ಏನಂದ್ರಿ?"

ಮೇಷ್ಟ್ರು ಎಲ್ಲ ಹೇಳಿದರು. ಫ್ರಿಜ್ಜಿನ ಕತೆ, ಮೂರು ವರ್ಷದ ಸರ್ವೀಸು, ಕೊನೆಗೆ ನೂರೊಂದು ತೆಂಗಿನಕಾಯಿ.

"ಅಂದ್ರೆ ಒಂದೇ ಸ್ವಾಮಿ ಹತ್ರ ನೀವು ಬೇಡ ಅಂತ ಕೇಳಿದ್ರಿ, ನಾನು ಬೇಕು ಅಂತ ಕೇಳ್ದೆ."

"ಹೂಂ."

"ಅವನು ಯಾರ ಮಾತು ಕೇಳ್ದ?"

ಮೇಷ್ಟ್ರು ಗಂಧದ ತಲೆಯನ್ನು ತಗ್ಗಿಸಿದರು.

"ನಿಮಗೆ ಹೆಸರು ಬರ್ಲಿ ಅಂತ ಹರಕೆ ಹೊತ್ತೆ ಅನ್ಕೊಂಡ್ರಾ? ಆ ಮೆಹ್ವಿಶಮ್ಮ ಅವತ್ತು ಅಡುಗೆಮನೇಲಿ ಕೂತು ಹೇಳ್ದಳು. ಅವರಮ್ಮ ಮಲಗಕ್ಕೆ ಆಗ್ದೇ ಗೋಡೆಗೆ ಒರಗಿ ಕೂತೇ ಬೆಳಗು ಮಾಡ್ತಾರಂತೆ. ನಾನು ಉಟ್ಟಿರೋ ಈ ಸೀರೆ ನೂಲು ಯಾರ ಉಸಿರಲ್ಲಿ ಬಂತೋ, ಯಾರಿಗೆ ಗೊತ್ತು? ಸ್ವಾಮಿ ಕೊಟ್ಟ, ನೀವು ಮುಡಿ ಕೊಟ್ಟು ತಗೊಂಡ್ರಿ. ಈಗ ಬೇಡ ಅಂದ್ರೆ ಆ ಕ್ಷೌರಿಕ ಕೂದಲು ವಾಪಸ್ ಅಂಟಿಸಿಕೊಡ್ತಾನಾ?"

"ಆಡಿಟ್ ಬಂದ್ರೆ?"

"ನರಸಿಂಹಸ್ವಾಮಿಗಿಂತ ಉಗ್ರವಾಗಿರುತ್ತಾ?"

ಹಿಂದಿರುಗುವ ದಾರಿಯುದ್ದಕ್ಕೂ ಬೋಳುತಲೆಗೆ ಗಾಳಿ ತಣ್ಣಗೆ ಬಡಿಯುತ್ತಿತ್ತು.

ಸೋಮವಾರ ಚನ್ನಕೇಶವ ಸನ್ಮಾನ ಇಟ್ಟುಕೊಂಡಿದ್ದರು. ತಮ್ಮ ಪ್ರೋತ್ಸಾಹ ಫಲ ಕೊಟ್ಟಿತೆಂದು ಅವರ ಕಣ್ಣು ತೇವವಾಗಿತ್ತು. ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿದರು. ಹಿಡಿದು ನಿಲ್ಲಿಸಲು ಕೂದಲಿಲ್ಲದ ತಲೆಯ ಮೇಲೆ ಪೇಟ ಜಾರಿ ಹುಬ್ಬಿಗೆ ಬಂತು. ಫೋಟೋದವನು "ಸಾರ್, ಸ್ವಲ್ಪ ಮೇಲಕ್ಕೆ" ಎಂದ. ಎತ್ತಿದರು, ಮತ್ತೆ ಜಾರಿತು. ಮುಖವೆಲ್ಲ ಪೇಟವೇ ಇರುವ ಆ ಫೋಟೋ ಈಗಲೂ ಪ್ರೋತ್ಸಾಹ ಕೋಶದ ಗೋಡೆಯ ಮೇಲಿದೆ. ಎದುರು ಸಾಲಿನ ಅಧ್ಯಾಪಕರು ಚಪ್ಪಾಳೆ ತಟ್ಟುತ್ತಾ, ಈ ಸಲ ಬಲಿ ತಾವಾಗಲಿಲ್ಲವೆಂದು ಒಳಗೇ ತಮ್ಮ ತಮ್ಮ ದೇವರುಗಳಿಗೆ ಕೈಮುಗಿದರು.

ಮೆಹ್ವಿಶ್ ಹಿಂದಿನ ಬೆಂಚಿನಲ್ಲಿದ್ದಳು. ಚಪ್ಪಾಳೆ ತಟ್ಟಿರಲಿಲ್ಲ. ಸಭೆ ಮುಗಿದ ಮೇಲೆ ಮೇಷ್ಟ್ರು ಅವಳ ಹತ್ತಿರ ಹೋಗಿ ಪೇಟ ತೆಗೆದು ಬೆಂಚಿನ ಮೇಲಿಟ್ಟರು.

"ಆ ಒಪ್ಪಿಗೆ ಪತ್ರ ಎಲ್ಲಮ್ಮ?"

ಅವಳು ಬ್ಯಾಗಿನಿಂದ ತೆಗೆದುಕೊಟ್ಟಳು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಅದಕ್ಕೆ ಲಗತ್ತಿಸಿದ್ದ ಅರ್ಜಿಯನ್ನು ಮೊದಲ ಸಲ ಓದಿದರು. ಓದಲು ಬಹಳ ಹೊತ್ತೇ ಬೇಕಾಯಿತು. ಓದಿ ಪತ್ರಕ್ಕೆ ಸಹಿ ಹಾಕಿದರು.

"ಥ್ಯಾಂಕ್ಸ್ ಸಾರ್," ಎಂದಳು. ಆಮೇಲೆ ತಡೆಯಲಾರದೆ, "ಸಾರ್, ತಲೆ... ಗ್ರ್ಯಾಂಟು ಬಂದಿದ್ದಕ್ಕೇನಾ?" ಎಂದಳು.

"ಹೂಂ ಕಣಮ್ಮ. ಬರೀ ಅರ್ಜಿಗೆ ಬರುತ್ತೆ ಅನ್ಕೊಂಡ್ಯಾ?" ಎಂದರು ಮೇಷ್ಟ್ರು. "ಏನೇ ತಗೊಂಡ್ರೂ ಮೂರು ಕಡೆ ರೇಟು ಕೇಳು. ಪ್ರತಿಯೊಂದಕ್ಕೂ ಎರಡೆರಡು ಕಾಪಿ ಇಡು. ಮುನಿನಾರಾಯಣಪ್ಪನವರು ಮತ್ತೆ ಬಂದ್ರೆ ಬಾಗಿಲು ಹಾಕ್ಬೇಡ, ಒಳಗೆ ಕರೆದು ಕೂರಿಸಿ ಕಾಫಿ ಕೊಡು. ಅವರಿಗೆ ಗೊತ್ತಿರೋದು ಬೆಂಗಳೂರಿನೋರಿಗೆ ಗೊತ್ತಿಲ್ಲ."

ಕೂದಲು ಮತ್ತೆ ಬಂತು, ಪೂರಾ ಬೆಳ್ಳಗೆ. ಬಣ್ಣ ಹಚ್ಚಲು ಮೇಷ್ಟ್ರಿಗೆ ಭಾನುವಾರವೇ ಸಿಗುತ್ತಿಲ್ಲ. ಆ ಹೊತ್ತಿಗೆ ಅವರು ಶಿಡ್ಲಘಟ್ಟದ ರೀಲಿಂಗ್ ಯೂನಿಟ್ಟಿನಲ್ಲಿ, ಹಬೆಯ ಮಧ್ಯೆ ಮೂಗಿಗೆ ಕರವಸ್ತ್ರ ಹಿಡಿದು ಕೆಮ್ಮುತ್ತಾ, ಯಾವ ಕಿಟಕಿ ತೆಗೆದಿದೆ ಎಂದು ಬರೆದುಕೊಳ್ಳುತ್ತಿರುತ್ತಾರೆ. "ಹೊರಗೆ ಹೋಗಿ ಕೂತ್ಕೊಳ್ಳಿ ಸಾರ್," ಎನ್ನುತ್ತಾಳೆ ಕರೀಮುನ್ನೀಸಾ. ಇಷ್ಟು ಹೇಳಲು ಅವಳು ಎರಡು ಸಲ ಉಸಿರೆಳೆದುಕೊಳ್ಳಬೇಕು. ಮೇಷ್ಟ್ರು ಅದನ್ನೂ ಬರೆದುಕೊಳ್ಳುತ್ತಾರೆ.