ಮುಖ್ಯ ಅತಿಥಿಯ ಶಾಲು

ಮಣಿಪಾಲದ ಆ ಸಭಾಂಗಣದಲ್ಲಿ ಹಾಡಲು ನಿಂತಾಗ ನನ್ನ ಕಣ್ಣೆಲ್ಲ ಟೀಚರ ಬೆರಳುಗಳ ಮೇಲೆ. ನನಗೆ ಪಾಶ್ಚಾತ್ಯ ಸಂಗೀತ ಕಲಿಸಿದವರು ಅವರೇ, ಅಂದು ಪಿಯಾನೋಗೆ ಕುಳಿತವರೂ ಅವರೇ. ಸಂಧಿವಾತ ಅವರ ಬೆರಳುಗಳಿಗೆ ಇಳಿದಿತ್ತು.

"ಇದೊಂದು ಆಗಲಿ ಮಗಾ, ಮತ್ತೆ ನಾನು ಸ್ಟೇಜ್ ಹತ್ತುವುದಿಲ್ಲ. ನಡುವೆ ನಿಲ್ಲಿಸಿದರೆ ಬೆರಳು ಮರಗಟ್ಟುತ್ತದೆ, ಪುನಃ ಶುರು ಮಾಡಲಿಕ್ಕೆ ಆಗುವುದಿಲ್ಲ" ಎಂದಿದ್ದರು.

ಮೊದಲು ಜರ್ಮನ್ ಹಾಡುಗಳು, ಕೊನೆಗೆ ಅಮೆರಿಕದ ಕಪ್ಪು ಜನರ ಭಕ್ತಿಗೀತೆ. ಎರಡರ ನಡುವೆ ನನ್ನ ದನಿಯಿಲ್ಲದೆ ಬರೀ ಪಿಯಾನೋ. ಒಂದು ದುಃಖದಿಂದ ಇನ್ನೊಂದಕ್ಕೆ ನಡೆದುಹೋಗುವ ಆ ದಾರಿಯನ್ನು ಟೀಚರೇ ಕಟ್ಟಿದ್ದರು. ಅದನ್ನು ಉಡುಪಿಯ ಜನ ಒಮ್ಮೆಯಾದರೂ ಕೇಳಬೇಕೆಂಬುದು ನನ್ನ ಹಟ.

ನಮ್ಮ ಕಡೆ ಮುಖ್ಯ ಅತಿಥಿ ಬಂದರೆ ವೇದಿಕೆಯಲ್ಲಿ ಏನೇ ನಡೆಯುತ್ತಿರಲಿ, ನಿಲ್ಲಿಸಿ ಶಾಲು ಹೊದಿಸುತ್ತಾರೆ. ಅಂದಿನ ಅತಿಥಿ ಕಾರ್ಕಳದಿಂದ ಇನ್ನೂ ಬಂದಿರಲಿಲ್ಲ. ಸನ್ಮಾನ ಕೊನೆಗಿರಲಿ ಎಂದು ಸಂಘಟಕರಿಗೆ ಮೊದಲೇ ಹೇಳಿದ್ದೆ.

"ನೋಡುವ" ಎಂದಿದ್ದರು. ಆ ಮಾತಿನ ಅರ್ಥ ನನಗೆ ಗೊತ್ತುಂಟು.

ಕೊನೆಯ ಜರ್ಮನ್ ಹಾಡಿನ ನಡುವೆ ಬಾಗಿಲು ತೆರೆಯಿತು. ಅತಿಥಿ ಬಂದು ಮುಂದಿನ ಸಾಲಿನಲ್ಲಿ ಕುಳಿತರು. ನಾನು ಹಾಡು ಮುಗಿಸಿ ಬಾಯಿ ಮುಚ್ಚಿದ್ದೇ ತಡ, ಎಲ್ಲ ಮುಗಿಯಿತೆಂದು ಸಂಘಟಕರು ಶಾಲು, ಮೈಕು ಹಿಡಿದು ಮೆಟ್ಟಿಲು ಹತ್ತಿದರು. ಟೀಚರ್ ತಲೆ ಎತ್ತದೆ ಆ ನಡುವಿನ ಭಾಗ ನುಡಿಸುತ್ತಿದ್ದರು.

ನನಗೆ ಬಂದ ಸಿಟ್ಟಿಗೆ ಸಂಘಟಕರನ್ನು ತಳ್ಳಿಬಿಡುತ್ತಿದ್ದೆ. ಅದರ ಬದಲು ಎದುರು ಹೋಗಿ, ಕೈಮುಗಿದು, ಕುತ್ತಿಗೆ ಬಗ್ಗಿಸಿ ನಿಂತೆ. ಬಗ್ಗಿದ ಕುತ್ತಿಗೆಗೆ ಶಾಲು ಹೊದಿಸದೆ ಹೋಗುವ ಗಂಡಸು ನಮ್ಮ ಜಿಲ್ಲೆಯಲ್ಲಿಲ್ಲ. ಅವರು ಅತಿಥಿಯತ್ತ ಒಮ್ಮೆ ದೈನ್ಯದಿಂದ ನೋಡಿ ನನಗೇ ಹೊದಿಸಿದರು. ಮೈಕನ್ನು ಮೆಲ್ಲಗೆ ಕಿತ್ತುಕೊಂಡೆ. ಬರಿಗೈಯಲ್ಲಿ ಇಳಿದುಹೋದರು.

ಟೀಚರ ಹೆಬ್ಬೆರಳು ಒಮ್ಮೆ ಜಾರಿತು. ಅವರು ನಿಲ್ಲಿಸಲಿಲ್ಲ. ಜರಿಶಾಲಿನೊಳಗೆ ಬೆವರುತ್ತ ನಾನು ಅಮೆರಿಕದ ಹಾಡು ಎತ್ತಿಕೊಂಡೆ, ಕೊನೆ ಮುಟ್ಟಿಸಿದೆವು.

ಚಪ್ಪಾಳೆಯ ನಡುವೆ ಅತಿಥಿ ತಾವಾಗಿಯೇ ಮೇಲೆ ಬಂದರು. ಬೈಗುಳಕ್ಕೆ ಸಿದ್ಧಳಾದೆ. ಅವರು ಟೀಚರಿಗೆ ಕೈಮುಗಿದರು.

"ನನಗೆ ಈ ಸಂಗೀತ ಎಂತ ಅಂತ ಗೊತ್ತಿಲ್ಲ. ಆದರೆ ಇವರು ಹಾಡದೆ ನಿಂತಾಗ ನೀವು ನುಡಿಸಿದಿರಲ್ವಾ, ಅದನ್ನು ಇನ್ನೊಮ್ಮೆ ಕೇಳಬಹುದಾ?"

"ಇನ್ನು ಆಗುವುದಿಲ್ಲ ಮಾರಾಯ್ರೆ. ನೀವು ಕೇಳಿದಿರಲ್ಲ, ಸಾಕು."

ಟೀಚರ್ ತಿರುಗಿ ಕೈಮುಗಿಯಲು ನೋಡಿದರು. ಬೆರಳುಗಳು ನೆಟ್ಟಗಾಗಲಿಲ್ಲ.

"ನನ್ನ ಲೆಕ್ಕದಲ್ಲಿ ನೀನೊಂದು ನಮಸ್ಕಾರ ಮಾಡು ಮಗಾ" ಎಂದರು.