ಬೆಳೆಯುವ ಅಳತೆಯ ಕುಲಾವಿ

ನನ್ನ ಮಂಚದ ಕೆಳಗೆ, ಒಗೆದು ಒಣಗಿಸಿದ ಅಕ್ಕಿ ಚೀಲಗಳ ತುಂಬ ಹೆಣಿಗೆಯ ದಾರವಿದೆ. ಬೀರುವಿನ ಮೇಲೂ ಇದೆ, ಟಿವಿಯ ಹಿಂದೆಯೂ ಇದೆ, ಅಟ್ಟದ ಮೇಲಿನ ಹಿತ್ತಾಳೆ ಹಂಡೆಯ ಒಳಗೂ ಇದೆ. ಮಾರುವುದಕ್ಕಲ್ಲ, ಬರೀ ಹುಚ್ಚಿಗೆ. ಯಜಮಾನರು ಫ್ಯಾಕ್ಟರಿಯಿಂದ ಬಂದು ಬೂಟು ಬಿಚ್ಚಲು ಜಾಗ ಹುಡುಕುತ್ತ, "ಇದ್ರ ಬದ್ಲು ಒಂದು ಕುರಿ ಸಾಕ್ಬೋದಾಗಿತ್ತು ಕಣೇ, ಇಷ್ಟು ಜಾಗ ತಿಂತಿರ್ಲಿಲ್ಲ" ಎನ್ನುತ್ತಾರೆ. "ಸಾಕಿದ್ರೆ ನಿಮ್ಗೂ ಜೊತೆ ಆಗಿರೋದು ಬಿಡಿ" ಎಂದು ನಾನೂ ಬಿಡುವುದಿಲ್ಲ. ಇಷ್ಟೆಲ್ಲ ದಾರದಲ್ಲಿ ನಾನು ಕೈ ಹಾಕದ ಉಂಡೆ ಒಂದೇ. ಎಳೆ ಅವರೆಕಾಯಿಯ ಬಣ್ಣದ್ದು. ಒಂದಿಷ್ಟು ಬಳಸಿ ಉಳಿದದ್ದು. ಅದರಿಂದ ಏನೂ ಹೆಣೆಯುವುದಿಲ್ಲ, ಬಿಸಾಡುವುದೂ ಇಲ್ಲ.

ದಾರದ ವಿಷಯದಲ್ಲಿ ನನಗೆ ಸೈರಣೆ ಕಡಿಮೆ. ನಮ್ಮ ಕಡೆ ಎಲ್ಲದಕ್ಕೂ 'ಉಲ್ಲನ್' ಎನ್ನುತ್ತಾರೆ. ಕುರಿಯ ಮೈಯಿಂದ ಬಂದದ್ದೂ ಉಲ್ಲನ್, ಪ್ಲಾಸ್ಟಿಕ್ಕಿನ ಹಾಗೆ ಕಾರ್ಖಾನೆಯಲ್ಲಿ ಕರಗಿಸಿ ಎಳೆದದ್ದೂ ಉಲ್ಲನ್. ಹೊಸೂರು ಬಜಾರಿನ ಅಂಗಡಿಯವನು "ಎಲ್ಲಾಮೇ ಒರಿಜಿನಲ್ ದಾನ್ ಅಕ್ಕಾ" ಎಂದು ತಮಿಳಿನಲ್ಲಿ ಆಣೆ ಹಾಕಿದರೆ, ಹಾಗಿದ್ದರೆ ಬೆಂಕಿಪೊಟ್ಟಣ ಕೊಡಪ್ಪ ಎನ್ನುತ್ತೇನೆ. ಒಂದು ಎಳೆ ಕಿತ್ತು, ಅಂಗಡಿಯ ಹೊರಗೆ ನಿಂತು ಕಡ್ಡಿ ಗೀರಿದರೆ ಬಣ್ಣ ಬಯಲು. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ. ಮಿಕ್ಕದ್ದು ಕರಗಿ, ಗಟ್ಟಿ ಕರಿ ಮಣಿಯಾಗಿ ಬೆರಳಿಗೆ ಅಂಟುತ್ತದೆ. ಆ ಅಂಗಡಿಯವನು ಈಗ ನನ್ನನ್ನು ಕಂಡರೆ ಬೆಂಕಿಪೊಟ್ಟಣ ಬಚ್ಚಿಡುತ್ತಾನೆ.

ಆದರೆ ಕೂಸುಗಳಿಗೆ ಉಣ್ಣೆಯೂ ಬೇಡ, ಕಾರ್ಖಾನೆಯ ಆ ಮಿಂಚುವ ದಾರವೂ ಬೇಡ. ಉಣ್ಣೆ ಚುಚ್ಚುತ್ತದೆ. ಮಿಂಚುವುದು ಬೆವರಿಸುತ್ತದೆ. ಹತ್ತಿ ಬೆರೆತ ಮೆತ್ತನೆಯ ದಾರವೇ ಆಗಬೇಕು, ಅದನ್ನೂ ಗಲ್ಲದ ಕೆಳಗೆ, ಕತ್ತಿನ ಮೇಲೆ ಉಜ್ಜಿ ನೋಡಿಯೇ ತೆಗೆದುಕೊಳ್ಳಬೇಕು. ಕೈಬೆರಳು ಸುಳ್ಳು ಹೇಳುತ್ತದೆ. ಪಾತ್ರೆ ತಿಕ್ಕಿದ ಬೆರಳಿಗೆ ಗೋಣಿಯೂ ಮೆತ್ತಗೇ. ಕತ್ತು ಸುಳ್ಳು ಹೇಳುವುದಿಲ್ಲ.

ಇನ್ನೊಂದು ಮಾತು ಹೇಳಬೇಕು. ನಮ್ಮಲ್ಲಿ ಮಕ್ಕಳ ಬಟ್ಟೆಯನ್ನು ಯಾರೂ ಸರಿಯಾದ ಅಳತೆಗೆ ಮಾಡಿಸುವುದಿಲ್ಲ. ಬೆಳೆಯುವ ಅಳತೆಗೆ ಮಾಡಿಸುತ್ತಾರೆ. ಶಾಲೆಯ ಲಂಗವಾದರೆ ಒಳಗೆ ಮಡಿಕೆ, ಅಂಗಿಯಾದರೆ ಮೊಣಕೈ ದಾಟುವ ತೋಳು. ನಾನು ಹೆಣೆದ ಸ್ವೆಟರ್ ತೊಟ್ಟ ಮಗು ದಿಂಬಿನ ಗೌಸಿನೊಳಗೆ ಬಿದ್ದ ಹಾಗೆ ಕಂಡರೆ ತಾಯಂದಿರು ಬೇಜಾರು ಮಾಡಿಕೊಳ್ಳುವುದಿಲ್ಲ. "ಇರ್ಲಿ ಬಿಡಕ್ಕ, ಬೆಳುದ್ರೆ ಸರಿಹೋಯ್ತದೆ" ಎನ್ನುತ್ತಾರೆ. ನನ್ನ ಕೈಗೂ ಅದೇ ಅಭ್ಯಾಸ. ಹುಟ್ಟಿದ ಕೂಸು ಎಂದರೆ ಮೂರು ತಿಂಗಳ ಕೂಸಿನ ಅಳತೆಗೇ ಹೆಣಿಗೆಯ ಕಡ್ಡಿಗೆ ಕುಣಿಕೆ ಏರಿಸುತ್ತೇನೆ, ಎಣಿಸುವುದೂ ಇಲ್ಲ. ಒಮ್ಮೆ ಯಜಮಾನರಿಗೆ ಹೆಣೆದ ಸ್ವೆಟರ್ ಮೊಣಕಾಲು ಮುಟ್ಟಿತು. ಕನ್ನಡಿಯ ಮುಂದೆ ನಿಂತು "ನಾನಿನ್ನೂ ಬೆಳೀಬೇಕೇನೇ?" ಎಂದರು. ಅವತ್ತು ಮನೆಯಲ್ಲಿ ಎಷ್ಟು ನಕ್ಕಿದ್ದೆವು.

ನನಗೆ ಒಬ್ಬಳೇ ತಂಗಿ. ಹೊಸೂರಿನಾಚೆ, ತಳಿ ಎಂಬ ಊರಿನ ಕಡೆಯ ಹಳ್ಳಿಗೆ ಕೊಟ್ಟಿದೆ. ಹೂವು, ಕೋಸು, ರಾಗಿ ಬೆಳೆಯುವ ಮನೆ. ನಾವಿರುವ ಮತ್ತಿಗಿರಿಗಿಂತ ಅಲ್ಲಿ ಚಳಿ ಜಾಸ್ತಿ. ಬೆಳಗಿನ ಹೊತ್ತು ಗುಲಾಬಿ ಕೊಯ್ಯುವ ಹೆಂಗಸರು ತಲೆಗೆ ಟವೆಲ್ ಸುತ್ತಿಕೊಂಡೇ ತೋಟಕ್ಕೆ ಇಳಿಯುತ್ತಾರೆ. ಅವಳು ಮೊದಲ ಸಲ ಬಸುರಿಯಾದಾಗ ನಾನು ಕುಣಿದಾಡಿಬಿಟ್ಟೆ. ಹಳದಿ ದಾರ ತಂದು ಸ್ವೆಟರು, ಕಾಲುಚೀಲ, ಕುಲಾವಿ ಎಲ್ಲ ಹೆಣೆದೆ. ಕುಲಾವಿ ಎಂದರೆ ಗಲ್ಲದ ಕೆಳಗೆ ಕಟ್ಟುವ ಕೂಸಿನ ಟೋಪಿ. ನಮ್ಮವ್ವ ಅದನ್ನು ನೋಡಿ ಎದೆ ಮೇಲೆ ಕೈ ಇಟ್ಟುಕೊಂಡಳು. "ಕೂಸು ಹುಟ್ಟೋಕ್ ಮುಂಚೆ ಕುಲಾವಿ ಅಂತ ಗಾದೆ ಇರೋದು ಸುಮ್ಕಲ್ಲ ಕಣೇ. ಹುಟ್ಟಿ, ಹನ್ನೊಂದ್ ದಿನ ಆಗಿ, ತೊಟ್ಲಿಗ್ ಹಾಕೋಗಂಟ ಹಳೇ ಸೀರೆ ಚೂರೇ ಗತಿ. ಯಾರು ಕೇಳುದ್ರು ನಿನ್ನ?" ಎಂದು ಬೈದಳು. ಐದನೇ ತಿಂಗಳಿಗೆ ಹೋಯಿತು. ಯಾರೂ ನನಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು. ಅವ್ವ ಆ ಹಳದಿ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ಎಲ್ಲಿಗೆ ಒಯ್ದಳೋ ನಾನು ಕೇಳಲಿಲ್ಲ.

ಎರಡನೇ ಸಲ ನಾನು ಕಡ್ಡಿಯನ್ನೇ ಮುಟ್ಟಲಿಲ್ಲ. ಅದೂ ಹೋಯಿತು.

ಮೂರನೇ ಸಲ ಎಂದು ಗೊತ್ತಾದಾಗ ನನಗೆ ಸಂತೋಷಕ್ಕಿಂತ ಹೆದರಿಕೆಯೇ ಮುಂದಾಯಿತು. ಇದೊಂದು ನಿಂತರೆ ಸಾಕು, ನನಗೆ ಇನ್ನೇನೂ ಬೇಡ ಎಂದು ಕಂಡ ದೇವರಿಗೆಲ್ಲ ಹೇಳಿಕೊಂಡೆ. ಐದು ದಾಟಿ ಆರಕ್ಕೆ ಬಿದ್ದಾಗ ತಂಗಿ ಹೊಸೂರಿಗೆ ಡಾಕ್ಟರ ಹತ್ತಿರ ಬಂದವಳು ನನ್ನ ಕೈ ಹಿಡಿದು ಬಜಾರಿಗೆ ಎಳೆದುಕೊಂಡು ಹೋದಳು.

"ನೀನು ಹೆಣೆದಾಗ್ಲೂ ಹೋಯ್ತು, ಹೆಣೀದೆ ಇದ್ದಾಗ್ಲೂ ಹೋಯ್ತು. ಇನ್ನು ಕಡ್ಡಿದೇನು ತಪ್ಪು?" ಎಂದಳು.

"ಅವ್ವನ್ ಕೈಲಿ ನನ್ನ ಸಾಯಿಸ್ಬೇಕು ಅಂತ ಇದೀಯಾ? ನಾನು ಹೆಣಿಯಕ್ಕಿಲ್ಲ."

"ಹೆಣೀಬೇಡ. ದಾರ ತಗೋ. ದಾರ ಬಟ್ಟೆ ಅಲ್ವಲ್ಲ."

ಅವಳ ಮಾತಿನಲ್ಲಿ ನ್ಯಾಯವಿತ್ತು. ಕಡ್ಡಿಗೆ ಏರುವ ತನಕ ದಾರ ಏನೂ ಅಲ್ಲ. ಕಾಲೊರಸುವ ಮ್ಯಾಟೂ ಆಗಬಹುದು, ಫೋನಿನ ಚೀಲವೂ ಆಗಬಹುದು. ಅಂಗಡಿಯವನು ಬೆಂಕಿಪೊಟ್ಟಣ ಬಚ್ಚಿಟ್ಟು, ಇದ್ದಬದ್ದ ಮೆತ್ತನೆ ದಾರವನ್ನೆಲ್ಲ ಮುಂದೆ ಸುರಿದ. ಗುಲಾಬಿ ಬೇಡ, ತೋಟದಲ್ಲಿ ನೋಡಿ ನೋಡಿ ಸಾಕಾಗಿದೆ ಎಂದಳು. ಹಳದಿಯ ಕಡೆಗೆ ಇಬ್ಬರೂ ನೋಡಲಿಲ್ಲ. ಕೊನೆಗೆ ಈ ಅವರೆಕಾಯಿ ಹಸಿರನ್ನು ಎತ್ತಿ, ನಾನು ಕಲಿಸಿದ ಹಾಗೇ ಕತ್ತಿಗೆ ಉಜ್ಜಿದಳು. ಉಜ್ಜಿ, ಹೊಟ್ಟೆಯ ಮೇಲೆ ಇಟ್ಟುಕೊಂಡು ನಕ್ಕಳು. ಇಷ್ಟು ದೊಡ್ಡ ಹೆಂಗಸು, ಅಂಗಡಿಯಲ್ಲಿ ಎಲ್ಲರೆದುರು. ನನಗೆ ನಾಚಿಕೆಯೂ ಆಯಿತು, ಕಣ್ಣೂ ತುಂಬಿತು.

ಬಸ್ ಸ್ಟ್ಯಾಂಡಿನಲ್ಲಿ ತಳಿಯ ಬಸ್ಸು ಹತ್ತುವಾಗ ಹೇಳಿದಳು: "ಆಸ್ಪತ್ರೆಗೆ ಬರುವಾಗ ದಾರ, ಕಡ್ಡಿ ಎರಡೂ ತರ್ಬೇಕು ನೀನು. ಕೂಸು ಹುಟ್ಟಿದ ಮೇಲೆ ನನ್ ಪಕ್ಕದಲ್ಲೇ ಕೂತ್ಕಂಡು ಕುಲಾವಿ ಹಾಕ್ಬೇಕು. ಕೂಸು ಮನೆಗೆ ಹೋಗೋವಾಗ ತಲೆ ಮೇಲೆ ಇರ್ಬೇಕು. ಹುಟ್ಟಿದ ಮೇಲೆ ಅವ್ವ ಏನು ಅಂತಾಳೆ?"

"ಆಯ್ತು ಹೋಗು, ಬಸ್ಸು ಹೊಂಟ್ಬುಡ್ತದೆ" ಎಂದೆ.

ಆಮೇಲಿನ ದಿನಗಳು ಬಲು ನಿಧಾನ. ನನ್ನ ಕೈಚೀಲದಲ್ಲಿ ಆ ಉಂಡೆ, ಒಂದು ಜೊತೆ ಸಣ್ಣ ಕಡ್ಡಿ, ಹೊಲಿಯಲು ಮೊಂಡು ಸೂಜಿ ಸದಾ ಇರುತ್ತಿದ್ದವು. ರೇಷನ್ ಅಂಗಡಿಗೆ ಹೋದರೂ ಜೊತೆಗೆ. ಕೈ ತುರಿಸುತ್ತಿತ್ತು. ಒಂದೇ ಒಂದು ಸಾಲು ಹಾಕಿ ಬಿಚ್ಚಿಬಿಡೋಣ, ಯಾರಿಗೆ ಗೊತ್ತಾಗುತ್ತದೆ ಎಂದು ಮನಸ್ಸು ಹೇಳುತ್ತಿತ್ತು. ಹಾಕಲಿಲ್ಲ. ಬೇರೆಯವರಿಗೆ ಮಫ್ಲರ್ ಹೆಣೆದೆ, ಪಕ್ಕದ ಮನೆಯ ಅಜ್ಜಿಗೆ ಕಾಲುಚೀಲ ಹೆಣೆದೆ. ದಿನಾ ಸಂಜೆ ತಂಗಿಗೆ ಫೋನು ಮಾಡಿ, ಒದೀತಾ ಎಂದು ಕೇಳುವುದು, ಒದೀತು ಕಣಕ್ಕ ಎಂದು ಅವಳು ಹೇಳುವುದು. ಅಷ್ಟು ಕೇಳಿದ ಮೇಲೆಯೇ ನನಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿದ್ದದ್ದು.

ಒಂದು ಸಂಜೆ "ಇವತ್ತು ಒಸಿ ಸುಮ್ನೈತೆ, ಮಲಗಿರ್ಬೇಕು" ಎಂದಳು. ಮರುದಿನ ಬೆಳಿಗ್ಗೆ ಅವಳ ಗಂಡನ ಫೋನು ಬಂತು. ಹೊಸೂರಿನಲ್ಲಿ ನೋಡಿದವರು ಕೃಷ್ಣಗಿರಿಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಲು ಹೇಳಿದ್ದರು. ನಾನೂ ಅವ್ವನೂ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಏಳು ತಿಂಗಳು ತುಂಬಿತ್ತು. ಹೆಣ್ಣು ಕೂಸು. ಹೊಟ್ಟೆಯಲ್ಲೇ ಉಸಿರು ನಿಂತಿತ್ತಂತೆ. ಯಾರ ತಪ್ಪೂ ಅಲ್ಲ, ಕೆಲವು ಸಲ ಹೀಗಾಗುತ್ತದೆ ಎಂದು ಡಾಕ್ಟರಮ್ಮ ಮೆತ್ತಗೆ ಹೇಳಿದರು. ಹಾಗೆ ಹೇಳಿದ್ದಕ್ಕೆ ಅವರ ಮೇಲೆ ನನಗೆ ಕೋಪ ಬಂತು. ಯಾರದಾದರೂ ತಪ್ಪಾಗಿದ್ದರೆ ಹಿಡಿದು ಬೈಯಬಹುದಿತ್ತು.

ತಂಗಿ ಗೋಡೆಯ ಕಡೆಗೆ ತಿರುಗಿ ಮಲಗಿದ್ದಳು. ಪಕ್ಕದ ಸಣ್ಣ ಮಂಚದಲ್ಲಿ, ಅವ್ವ ತಂದಿದ್ದ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟು. ನಾನು ಅತ್ತ ನೋಡಲಿಲ್ಲ. ನೋಡುವ ಧೈರ್ಯ ನನಗಿರಲಿಲ್ಲ. ತಂಗಿಯ ಗಂಡ ಕಾಗದಪತ್ರಕ್ಕಾಗಿ ಮೇಲೆ ಕೆಳಗೆ ಓಡಾಡುತ್ತಿದ್ದ. ಅದು ಮುಗಿದರೆ ಅವನೂ ಅವನ ಅಣ್ಣನೂ ಕೂಸನ್ನು ಊರಿಗೆ ಒಯ್ದು, ಹೊತ್ತು ಮುಳುಗುವ ಮುಂಚೆ ತೋಟದ ಬದುವಿನಲ್ಲಿ ಮಣ್ಣು ಮಾಡುವುದೆಂದಾಗಿತ್ತು. ತಂಗಿ ಆಸ್ಪತ್ರೆಯಲ್ಲೇ ಉಳಿಯಬೇಕಿತ್ತು.

ಅವಳು ತಿರುಗಿ ನನ್ನನ್ನು ನೋಡಿದಳು. "ದಾರ ತಂದಿದೀಯಾ?" ಎಂದಳು.

ನನಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು.

"ಮನೆಗೆ ಹೋಗೋವಾಗ ತಲೆ ಮೇಲೆ ಇರ್ಬೇಕು ಅಂದಿದ್ನಲ್ಲ. ಹೊಂಟೈತಲ್ಲ ಅದು ಮನೆಗೆ. ಹಾಕಕ್ಕ."

ನಾನು ಅವ್ವನ ಮುಖ ನೋಡಿದೆ. ಬೈದಾಳು ಎಂದುಕೊಂಡೆ. ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಹಾಕಮ್ಮ. ಇನ್ನು ಯಾವ ಗಾದೆ" ಎಂದಳು.

ಕಬ್ಬಿಣದ ಸ್ಟೂಲಿನ ಮೇಲೆ ಕುಳಿತೆ. ಕೈಚೀಲದಿಂದ ಉಂಡೆ ತೆಗೆದು ತುದಿ ಹುಡುಕಿದೆ. ಕಡ್ಡಿಗೆ ಕುಣಿಕೆ ಏರಿಸಿದೆ. ಸಾಲು ಮುಗಿಸುವುದು, ತಿರುಗಿಸುವುದು, ಇನ್ನೊಂದು ಸಾಲು. ಕಣ್ಣು ಕಾಣುತ್ತಿರಲಿಲ್ಲ, ಆದರೆ ಕುಲಾವಿಗೆ ನನ್ನ ಕಣ್ಣು ಬೇಕಿಲ್ಲ, ಕೈಗೇ ಗೊತ್ತು. ವಾರ್ಡಿನಲ್ಲಿ ಬೇರೆ ಕೂಸುಗಳು ಅಳುತ್ತಿದ್ದವು. ಎದುರು ಮಂಚದ ಬಾಣಂತಿಯ ತಾಯಿ ನಾನು ಹೆಣೆಯುವುದನ್ನು ನೋಡಿ, ಏನು ಕೂಸು ಎಂದು ತೆಲುಗಿನಲ್ಲಿ ಕೇಳಿದಳು. "ಆಡಪಿಲ್ಲ", ಹೆಣ್ಣು ಎಂದೆ. ಅವಳು ನಕ್ಕು ತಲೆಯಾಡಿಸಿದಳು, ಆಮೇಲೆ ಸಣ್ಣ ಮಂಚದ ಕಡೆಗೆ ನೋಡಿ, ಮುಖ ತಗ್ಗಿಸಿಕೊಂಡಳು. ತಂಗಿ ನನ್ನ ಕಡ್ಡಿಯ ತುದಿಯನ್ನೇ ನೋಡುತ್ತಿದ್ದಳು. ದಾರ ಮೆತ್ತಗಿತ್ತು. ಒಳ್ಳೆಯ ದಾರವನ್ನೇ ಆರಿಸಿದ್ದೆವು.

ಅವಳ ಗಂಡ ಬಂದು "ಆಯ್ತು, ಹೊರಡ್ಬೋದಂತೆ" ಎಂದ. ನನ್ನ ಕೈ ನೋಡಿ ಬಾಗಿಲ ಹತ್ತಿರವೇ ನಿಂತ, ಅವಸರ ಮಾಡಲಿಲ್ಲ. ನಾನು ಹಿಂಬದಿಯ ಹೊಲಿಗೆ ಹಾಕಿ, ಕಟ್ಟುವ ದಾರ ಎರಡೂ ಕಡೆ ಬಿಟ್ಟು, ತುದಿಯನ್ನು ಹಲ್ಲಿನಿಂದ ಕಡಿದೆ.

ಅವ್ವ ಕೂಸನ್ನು ಎತ್ತಿ ತಂಗಿಯ ತೋಳಿಗೆ ಕೊಟ್ಟಳು. ಆಗ ನಾನು ಅದನ್ನು ಮೊದಲ ಸಲ ನೋಡಿದೆ. ಹುಬ್ಬು ತಂಗಿಯದೇ. ತಲೆ ನನ್ನ ಮುಷ್ಟಿಗಿಂತ ಒಂಚೂರು ದೊಡ್ಡದು, ಅಷ್ಟೇ. ತಂಗಿ ಕುಲಾವಿಯನ್ನು ತಾನೇ ತೆಗೆದುಕೊಂಡು ಹಾಕಿದಳು. ಅದು ಹಣೆ ದಾಟಿ, ಕಣ್ಣು ಮುಚ್ಚಿ, ಮೂಗಿನ ಕೆಳಗೆ ಇಳಿದುಬಿಟ್ಟಿತು.

ಕಡ್ಡಿಗೆ ಕುಣಿಕೆ ಏರಿಸುವ ಮುಂಚೆ ಒಂದು ಸಲ ಆ ಮಂಚದ ಕಡೆಗೆ ತಿರುಗಿ ನೋಡಿದ್ದರೆ ಸಾಕಿತ್ತು. ನೋಡಿರಲಿಲ್ಲ. ಎಲ್ಲ ಕೂಸುಗಳಿಗೂ ಹೆಣೆಯುವ ಹಾಗೇ ಹೆಣೆದಿದ್ದೆ.

"ದೊಡ್ಡದಾಯ್ತಲ್ಲಕ್ಕ" ಎಂದಳು ತಂಗಿ.

"ಇರ್ಲಿ ಬಿಡು, ಬೆಳುದ್ರೆ ಸರಿಹೋ..." ನನ್ನ ಬಾಯಿಂದ ಬಂದೇಬಿಟ್ಟಿತು.

ಎಷ್ಟು ವರ್ಷದಿಂದ ಆಡಿದ ಮಾತೋ, ಅದರಷ್ಟಕ್ಕೆ ಅದು ಹೊರಗೆ ಬಂತು. ಬಾಗಿಲಲ್ಲಿ ನಿಂತಿದ್ದ ಅವಳ ಗಂಡ ಗೋಡೆಗೆ ಹಣೆ ಇಟ್ಟ. ನಾನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೆ. ನೆಲ ಬಿರಿದು ನನ್ನನ್ನು ನುಂಗಬಾರದಿತ್ತೆ ಅನ್ನಿಸಿತು.

ಅವ್ವ ಬಾಗಿ, ಕುಲಾವಿಯ ಅಂಚನ್ನು ಮೇಲಕ್ಕೆ ಮಡಿಚಲು ಹೋದಳು. ತಂಗಿ ಅವಳ ಕೈ ಹಿಡಿದು ತಡೆದಳು.

"ಮಡಿಚ್ಬೇಡ ಅವ್ವ" ಎಂದಳು. "ಅಕ್ಕ ಬೆಳೆಯೋ ಅಳತೆ ಬಿಟ್ಟವ್ಳೆ. ಹಂಗೇ ಇರ್ಲಿ."

ಗಲ್ಲದ ಕೆಳಗೆ ದಾರ ಕಟ್ಟಿ, ಕೂಸನ್ನು ಹಾಗೇ ಗಂಡನ ಕೈಗೆ ಕೊಟ್ಟಳು.