ಬೋಣಿಗೆ ಮುಂಚೆ ಟೋಕಿಯೊ

ಪತ್ರಿಕೆ ಕೈಗೆ ಬಂದರೆ ಕೆಲವರು ಮೊದಲು ರಾಜಕೀಯ ನೋಡುತ್ತಾರೆ, ಕೆಲವರು ಕ್ರಿಕೆಟ್ ನೋಡುತ್ತಾರೆ, ವಯಸ್ಸಾದವರು ಯಾರು ಹೋದರು ಎಂದು ನೋಡುತ್ತಾರೆ. ನಾನು ನೇರವಾಗಿ ವಾಣಿಜ್ಯ ಪುಟಕ್ಕೆ ಹೋಗುತ್ತೇನೆ. ಹಾಗಂತ ನನ್ನ ಹತ್ತಿರ ಒಂದು ಷೇರೂ ಇಲ್ಲ. ಹೊಳೆನರಸೀಪುರದಲ್ಲಿ ಹಗ್ಗ, ಗೋಣಿಚೀಲ ಮಾರುವ ನನಗೆ ಟೋಕಿಯೊದಲ್ಲಿ ನೆಂಟರೂ ಇಲ್ಲ.

ಇದಕ್ಕೆ ಕಾರಣ ಉಂಟು. ನಾನು ಅಕ್ಷರ ಕಲಿತದ್ದು ಮೀಸೆ ಬಂದು, ಮದುವೆಯಾಗಿ, ಆ ಮೀಸೆ ಅಲ್ಲಲ್ಲಿ ಬೆಳ್ಳಗಾದ ಮೇಲೆ. ಕತೆ ಓದಲು ಹೋದರೆ ವಾಕ್ಯದ ತುದಿ ಮುಟ್ಟುವಷ್ಟರಲ್ಲಿ ಅದರ ಬುಡ ಮರೆತಿರುತ್ತಿತ್ತು. ವಾಣಿಜ್ಯ ಪುಟ ಹಾಗಲ್ಲ. ಅಲ್ಲಿ ದಿನವೂ ಅವೇ ಮಾತು: ಟೋಕಿಯೊ ಏರಿಕೆ ಕಂಡಿತು, ಲಂಡನ್ ಕುಸಿತ ಕಂಡಿತು, ಕಚ್ಚಾತೈಲ ದುಬಾರಿಯಾಯಿತು, ರೂಪಾಯಿ ದುರ್ಬಲವಾಯಿತು. ಊರಿನ ಹೆಸರು ಬದಲಾಗುತ್ತದೆ, ವಾಕ್ಯ ಬದಲಾಗುವುದಿಲ್ಲ. ನನ್ನಂಥ ನಿಧಾನದವನಿಗೆ ಇದಕ್ಕಿಂತ ಒಳ್ಳೆಯ ಬಾಲಬೋಧೆ ಎಲ್ಲಿ ಸಿಗಬೇಕು?

ಕಲಿತದ್ದನ್ನು ಗಟ್ಟಿಯಾಗಿ ಓದುವ ಚಪಲ ಬೇರೆ. ಪಕ್ಕದ ಶಿವಲಿಂಗಣ್ಣನ ತೆಂಗಿನಕಾಯಿ ಮಂಡಿಯ ಕಟ್ಟೆಯೇ ನನ್ನ ಪೀಠ. ಬೆಳಗ್ಗೆ ಕಾಯಿ ಇಳಿಸುವ ಜವರಯ್ಯ, ಲೋಡಿಗೆ ಬಂದ ಡ್ರೈವರುಗಳು, ಬಸ್ಸು ತಪ್ಪಿಸಿಕೊಂಡವರು, ಇಷ್ಟು ಜನ ಸಿಕ್ಕರೆ ಶಾಂಘೈಯಿಂದ ನ್ಯೂಯಾರ್ಕಿನವರೆಗೆ ಒಂದು ಸುತ್ತು ಹಾಕಿಸಿಬಿಡುತ್ತೇನೆ.

ಒಂದು ದಿನ ಪ್ರಪಂಚಕ್ಕೇನಾಗಿತ್ತೋ, ಒಂದು ಊರೂ ಏರಿರಲಿಲ್ಲ. ನಾನು ಒಂದೊಂದಾಗಿ ಬೀಳಿಸುತ್ತಾ ಬಂದೆ. ಲಂಡನ್ನಿಗೆ ಬರುವಷ್ಟರಲ್ಲಿ ಶಿವಲಿಂಗಣ್ಣ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು.

"ಲೇ ನಂಜುಂಡ, ಇನ್ನೂ ಬೋಣಿ ಆಗಿಲ್ಲ ಕಣ್ಲಾ. ಬೆಳ್‌ಬೆಳಗ್ಗೆ ಬಿದ್ದೋಯ್ತು ಬಿದ್ದೋಯ್ತು ಅಂತ ಬಾಗ್ಲಲ್ಲಿ ಕೂತು ಬಡ್ಕೋತೀಯಲ್ಲ."

"ನಾನೇನು ಬೀಳಿಸಿದ್ನಾ ಅಣ್ಣ? ಪೇಪರ್‌ನಾಗೆ ಅಂಗೈತೆ."

"ಇದ್ರೆ ಇರ್ಲಿ. ಏರಿರೋದ್ ಮಾತ್ರ ಓದು. ಇಲ್ದಿದ್ರೆ ನಾಳೆಯಿಂದ ಈ ಕಟ್ಟೆ ಅತ್ಬೇಡ."

ಅಣ್ಣನನ್ನು ಬೈದು ಪ್ರಯೋಜನವಿಲ್ಲ. ಮೊದಲ ವ್ಯಾಪಾರ ಆಗುವವರೆಗೆ ಅಂಗಡಿಯಲ್ಲಿ 'ಇಲ್ಲ' ಅನ್ನಬಾರದು, 'ಮುಗೀತು' ಅನ್ನಬಾರದು. ನಾನೂ ಅಂಗಡಿಯವನೇ, ಗೊತ್ತು. ನಮ್ಮವರು ಕೆಟ್ಟದ್ದನ್ನು ಕೆಟ್ಟದ್ದು ಎಂದು ಕರೆದವರೇ ಅಲ್ಲ. ಬಳೆ ಒಡೆದರೆ ಬಳೆ ಹೆಚ್ಚಿತು ಎಂದರು, ದೀಪ ಆರಿದರೆ ದೊಡ್ಡದಾಯಿತು ಎಂದರು. ಕೋಟು ಹಾಕಿಕೊಂಡ ಮಾರುಕಟ್ಟೆ ಪಂಡಿತರೂ ಇದರಲ್ಲಿ ನಮ್ಮ ಅಜ್ಜಿಯರ ಮೊಮ್ಮಕ್ಕಳೇ. ಜನರ ದುಡ್ಡು ಮುಳುಗಿದ ದಿನ ಅವರು ಅದಕ್ಕೆ 'ತಿದ್ದುಪಡಿ' ಅನ್ನುತ್ತಾರೆ. ನನಗೆ ಅಕ್ಷರ ಕಲಿಸಿದ ಮೇಷ್ಟ್ರು ನನ್ನ ಕಾಪಿಯಲ್ಲಿ ಮಾಡಿದ ತಿದ್ದುಪಡಿಯಿಂದ ಯಾರ ಮನೆಯೂ ಹಾಳಾಗಲಿಲ್ಲ.

ಆದರೂ ಏರಿದ್ದು ಮಾತ್ರ ಓದು ಎಂದದ್ದು ನನ್ನೊಳಗೆ ಎಲ್ಲೋ ಚುಚ್ಚಿತು. ಅರ್ಧ ಆಯಸ್ಸು ನಾನು ಬೇರೆಯವರು ಓದಿ ಹೇಳಿದ್ದನ್ನು ಕೇಳಿಕೊಂಡು ಬದುಕಿದವನು. ಅವರಿಗೆ ಬೇಕಾದ ಸಾಲು ಓದುತ್ತಿದ್ದರು, ಬೇಡದ್ದನ್ನು ನುಂಗುತ್ತಿದ್ದರು. ಒಮ್ಮೆ ನಮ್ಮ ಸಹಕಾರ ಸಂಘದ ಗೋಡೆಗೆ ಅಂಟಿಸಿದ್ದ ನೋಟಿಸನ್ನು ನನ್ನ ಷಡ್ಡಕ ಓದಿ, "ಸಭೆ ಐತೆ, ಊಟ ಐತೆ, ಬಾ ಓಗಾನ" ಅಂದ. ಹೋದೆ, ಪಾಯಸದ ಊಟ ಉಂಡು ಬಂದೆ. ಆ ದಿನವೇ ಸದಸ್ಯತ್ವ ನವೀಕರಿಸಬೇಕು ಎಂಬ ಕೊನೆಯ ಸಾಲನ್ನು ಅವನು ಓದಿರಲಿಲ್ಲ. ಪಾಯಸ ಸಿಕ್ಕಿತು, ಸದಸ್ಯತ್ವ ಹೋಯಿತು. ನಾನು ಅಕ್ಷರ ಕಲಿತದ್ದು ಆ ಕೊನೆಯ ಸಾಲಿಗಾಗಿ. ಈಗ ನಾನೇ ಇನ್ನೊಬ್ಬರಿಗೆ ಅರ್ಧ ಓದಿ ಹೇಳುವುದಾದರೆ ಕಲಿತದ್ದು ಯಾಕೆ? ಓದಿದರೆ ಪೂರ್ತಿ ಓದಬೇಕು, ಆ ಕಟ್ಟೆಯ ಮೇಲೆಯೇ ಓದಬೇಕು ಎಂದು ಹಟ ಹಿಡಿದೆ.

ಮರುದಿನ ಮಂಡಿ ಬಾಗಿಲು ತೆಗೆಯುವುದನ್ನೇ ಕಾದಿದ್ದು ಹೋಗಿ ನಿಂತೆ.

"ಅಣ್ಣ, ಒಂದು ಕಾಯಿ ಕೊಡಿ."

"ಲಾರಿಗಟ್ಲೆ ಮಾರೋ ಮಂಡಿ ಕಣ್ಲಾ ಇದು. ಒಂದು ಕಾಯಿಗೆ ಬೋಣಿಯಾ?"

"ಬೋಣಿ ಗಿರಾಕಿನ ಬರಿಗೈಲಿ ಕಳಿಸ್ತೀರಾ? ಕಳಿಸಿ, ಓಯ್ತೀನಿ."

ಮೊದಲ ಗಿರಾಕಿಯನ್ನು ವಾಪಸು ಕಳಿಸುವುದು ಲಂಡನ್ ಬೀಳುವುದಕ್ಕಿಂತ ದೊಡ್ಡ ಅಪಶಕುನ. ಶಿವಲಿಂಗಣ್ಣ ನನ್ನನ್ನೇ ನೋಡಿದರು. ಹಲ್ಲು ಕಚ್ಚಿಕೊಂಡು ಒಂದು ಕಾಯಿ ಆರಿಸಿ ಕೊಟ್ಟರು. ಆದರೂ ಪದ್ಧತಿ ಬಿಡಲಿಲ್ಲ, ನಾನು ಕೊಟ್ಟ ನೋಟನ್ನು ಕಣ್ಣಿಗೊತ್ತಿಕೊಂಡೇ ಪೆಟ್ಟಿಗೆಗೆ ಹಾಕಿದರು. ಬೋಣಿ ಆಯಿತಲ್ಲ, ಇನ್ನು ಬಿದ್ದದ್ದನ್ನು ಓದಲು ಅಡ್ಡಿಯಿಲ್ಲ. ನಾನು ಕಟ್ಟೆಯ ಮೇಲೆ ಕೂತು ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಿದ್ದವರನ್ನೆಲ್ಲ ಹೆಸರು ಹಿಡಿದು ಓದಿದೆ. ಜವರಯ್ಯ, "ಬುಡಿ ಬುದ್ದಿ, ಇವ್ನು ಪೇಪರ್‌ಗಿಂತ ಕಾಯಿಗೇ ಜಾಸ್ತಿ ಸುರೀತಾನೆ" ಎಂದು ನಕ್ಕ.

ಇದು ದಿನವೂ ನಡೆಯಿತು. ನನ್ನನ್ನು ತಪ್ಪಿಸಲು ಅಣ್ಣ ಕೆಲವು ದಿನ ಬೇಗ ಬಂದು ಬೇರೆಯವರಿಂದ ಬೋಣಿ ಮಾಡಿಸಿಕೊಂಡರು. ಆ ದಿನಗಳಲ್ಲಿ ನನಗೆ ಓದು ಪುಕ್ಕಟೆ. ಮನೆಯಲ್ಲಿ ಮಾತ್ರ ನನ್ನ ಹೆಂಡತಿ, "ಅದ್ಯಾವೂರು ಬಿದ್ರೆ ನಿಮ್ಗೇನು? ಕಾಯಿ ಮಡಗಕ್ಕೆ ಜಾಗಿಲ್ಲ ಇಲ್ಲಿ" ಅನ್ನುತ್ತಿದ್ದಳು.

ಮೊನ್ನೆ ಕುಸಿತದ ಸಾಲುಗಳ ನಡುವೆ ಅಡುಗೆ ಎಣ್ಣೆಯ ದರ ಬಂತು. ಹೊರದೇಶದ ಎಣ್ಣೆ ಅಗ್ಗವಾಗಿದೆ, ಕೊಬ್ಬರಿಯೂ ಇಳಿಯಬಹುದು ಎಂದಿತ್ತು. ನನ್ನ ನಾಲಿಗೆ ತಡವರಿಸಿತು. ಹಟ ಬೇರೆ, ಪಕ್ಕದವರ ಹೊಟ್ಟೆಪಾಡು ಬೇರೆ. ಮೊದಲ ಸಲ ಒಂದು ಸಾಲು ನುಂಗೋಣವೇ ಅನ್ನಿಸಿತು. ನುಂಗಲಿಲ್ಲ, ಓದಿದೆ. ಶಿವಲಿಂಗಣ್ಣ ಬಂದು ಪಕ್ಕದಲ್ಲಿ ಕೂತರು. ಅಂದಿನ ಕಾಯಿಯನ್ನು ನಾನು ಇನ್ನೂ ಕೊಂಡಿರಲಿಲ್ಲ ಎಂಬುದು ಇಬ್ಬರಿಗೂ ಮರೆತಿತ್ತು.

"ಮೇಲಿಂದ ಓದ್ಲಾ," ಅಂದರು, "ನಿದಾನಕ್ಕೆ. ಒಂದಕ್ಷರಾನೂ ಬುಡಬ್ಯಾಡ."

ಬೆರಳಿಟ್ಟುಕೊಂಡು, ಮೊದಲು ಕಲಿತಾಗ ಓದುತ್ತಿದ್ದ ಹಾಗೆ, ಪೂರ್ತಿ ಓದಿದೆ. ಏರಿದ ಸುದ್ದಿ ತರುವುದಕ್ಕೆ ಊರೆಲ್ಲ ಓಡಿ ಬರುತ್ತದೆ. ಬಿದ್ದದ್ದನ್ನು ಬಿದ್ದಿದೆ ಎಂದು ಹೇಳಲು ಒಬ್ಬನಾದರೂ ಬೇಕಲ್ಲ. ಆ ಕೆಲಸಕ್ಕೆ ದಿನಕ್ಕೊಂದು ತೆಂಗಿನಕಾಯಿ ದುಬಾರಿಯೇನಲ್ಲ. ಚಟ್ನಿಯೂ ಆಗುತ್ತದೆ.